ಬೋರಲು ಗ್ಲಾಸು

ರೂವಿಯಲ್ಲಿ ಜುಲೈ ಎಂದರೆ
ತಣ್ಣೀರಿನ ನಲ್ಲಿ ಬರೀ ಹೆಸರಿಗೆ.
ತಾರಸಿಯ ಟ್ಯಾಂಕು ಹಗಲಿಡೀ ಕಾದು
ನಡುರಾತ್ರಿಯಲ್ಲೂ ಕೈ ಸುಡುತ್ತದೆ.

ಕೆಫೆಟೇರಿಯಾ ಮುಚ್ಚಿ ಬಂದ ಇದಿನಬ್ಬ
ಒಂದೂವರೆಗೆ ಸುಲೈಮಾನಿ ಕುಡಿದು
ಗ್ಲಾಸು ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದ.
ಅದು ಹೊರಟಿತು.
ಯಾರೂ ಮುಟ್ಟದೆ, ಸದ್ದಿಲ್ಲದೆ
ಒಂದು ಗೇಣು ಜಾರಿ
ಸಿಂಕಿನ ಅಂಚಿಗೆ ಬಂದು ನಿಂತಿತು.

ಗ್ಲಾಸು ದೂಜಣ್ಣನದು.
ವೀಸಾ ಕ್ಯಾನ್ಸಲ್ ಆಗಿ ಮಾರ್ಚಿನಲ್ಲಿ ಹೋದವನು
ಬಿಟ್ಟದ್ದು ಅದೊಂದು, ಮತ್ತೆ ಒಂದು ಜೊತೆ ಚಪ್ಪಲಿ.
ಆಮೇಲೆ ಅವನ ನಂಬರು ಸ್ವಿಚ್ ಆಫ್.

ಇದಿನಬ್ಬ ನನ್ನನ್ನು ಎಬ್ಬಿಸಿದ.
ನಾನು ಎ.ಸಿ. ಮೆಕ್ಯಾನಿಕ್ಕು,
ಗಾಳಿಯ ವಿಷಯಕ್ಕೆ ನಮ್ಮ ಕೋಣೆಯಲ್ಲಿ ನಾನೇ ಪಂಡಿತ.
ಬಾತ್‌ರೂಮಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುವುದು
ಎಕ್ಸಾಸ್ಟ್ ಫ್ಯಾನು ಎಳೆದದ್ದಕ್ಕೆ ಎಂದು ತೋರಿಸಿ
ಹೋದ ವರ್ಷ ಒಂದು ಭೂತ ಬಿಡಿಸಿದ್ದೆ.

ಕಟ್ಟೆಯ ಮೇಲೆ ರಸಮಟ್ಟ ಇಟ್ಟೆ:
ಗುಳ್ಳೆ ಕೂದಲೆಳೆಯಷ್ಟು ಆಚೆ.
"ನೋಡು, ಇಳಿಜಾರು ಇಷ್ಟೇ. ಸಾಕು.
ಗ್ಲಾಸು ಬಿಸಿ. ಕೋಣೆಯ ಗಾಳಿ ತಣ್ಣಗೆ.
ಬೋರಲು ಹಾಕಿದಾಗ ಆ ಗಾಳಿ ಒಳಗೆ ಸಿಕ್ಕಿತು,
ಗಾಜಿನ ಕಾವಿಗೆ ಹಿಗ್ಗಿತು.
ಅಂಚಿನ ಸುತ್ತ ನೀರು, ಹೊರಗೆ ದಾರಿಯಿಲ್ಲ.
ಮತ್ತೇನು, ಗ್ಲಾಸನ್ನೇ ತುಸು ಎತ್ತಿತು.
ತೇಲುವುದಕ್ಕೆ ಕಾಲು ಬೇಕಾ?"

ಮೂರು ಸಲ ಮಾಡಿ ತೋರಿಸಿದೆ.
ಎರಡು ಸಲ ಹೋಯಿತು.
ಒಂದು ಸಲ ಹೋಗಲಿಲ್ಲ, ಕಟ್ಟೆ ಒಣಗಿತ್ತು.

ಇದಿನಬ್ಬ ಗಡ್ಡ ಕೆರೆದುಕೊಂಡ.
"ಕಣ್ಣಿಗೆ ಕಾಣುದಿಲ್ಲ. ಒಳಗೆ ಸಿಕ್ಕಿಬಿದ್ದಿದೆ.
ಹೊರಗೆ ಹೋಗ್ಲಿಕ್ಕೆ ಒದ್ದಾಡಿ ಗ್ಲಾಸು ಎತ್ತುತ್ತದೆ.
ನಾನು ಹೇಳಿದ್ದೂ ಅದನ್ನೇ ಅಲ್ವಾ ಮಾರಾಯ,
ನೀನು ಹೆಸರು ಮಾತ್ರ ಬೇರೆ ಇಟ್ಟದ್ದು."

ಜನವರಿ ಬಂತು. ಟ್ಯಾಂಕು ತಣಿಯಿತು.
ಎ.ಸಿ. ಬಂದ್, ನನಗೂ ಕೆಲಸ ಕಮ್ಮಿ.
ಗ್ಲಾಸು ಇಟ್ಟಲ್ಲೇ ಕೂತಿತು
ಉಳಿದ ಗ್ಲಾಸುಗಳ ಹಾಗೆ.

ಒಂದು ರಾತ್ರಿ ಕೆಟಲ್ಲು ಕುದಿಯುವ ಸದ್ದು.
ಎದ್ದು ನೋಡಿದರೆ ಇದಿನಬ್ಬ
ಬಟ್ಟೆಯಲ್ಲಿ ಹಿಡಿದ ಗ್ಲಾಸಿನ ಮೈಗೆ
ಬಿಸಿನೀರು ಸುರಿಯುತ್ತಿದ್ದಾನೆ.
"ಎಂತ ಇದು?"
"ಪ್ರಯೋಗ," ಎಂದ.
"ಆ ಚಪ್ಪಲಿ ಸದ್ದು ಮಾಡ್ತದೆ, ಅಲ್ಲೇ ಬಿಟ್ಟು ಬಾ."

ಕಟ್ಟೆ ಒದ್ದೆ ಮಾಡಿ ಬೋರಲು ಹಾಕಿದ.
ಇಬ್ಬರೂ ಉಸಿರು ಬಿಗಿಹಿಡಿದು ಬಗ್ಗಿದೆವು,
ನಮ್ಮಿಂದ ಹೋಯಿತು ಎಂದು
ಆಗಬಾರದಲ್ಲ.