ಹದಿನೇಳು ಕಪ್ಪೆ

ಪ್ರೊಜೆಕ್ಟರ್ ಬಂದದ್ದು ಜೂನಿನಲ್ಲಿ.
ಹೆಡ್‌ಮಾಸ್ಟರು ಕುಂಕುಮವಿಟ್ಟು, ಬೀರುವಿಗೆ ಸೇರಿಸಿ
ಕೀಲಿಯನ್ನು ಜೇಬಿಗಿಳಿಸಿದರು.

ನನ್ನ ಬಳಿ ಇದ್ದದ್ದು
ಗಾಜು ಬಿರಿದ ಫೋನು, ಎಂಟನೇ ತರಗತಿ,
‘ಶಬ್ದ’ ಎಂಬ ಅಧ್ಯಾಯ.
ಊಟದ ತಟ್ಟೆ ಬಡಿದೆ,
ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಹಲೋ ಅಂದೆ.
ನಕ್ಕರು, ಮರೆತರು.
ತಿಲಕ ನಗಲೂ ಇಲ್ಲ.
ಹಾಜರಿಗೆ ಕೈಯೆತ್ತುತ್ತಾನೆ, ಅಷ್ಟೆ;
‘ಯಸ್ ಮಿಸ್’ ಎನ್ನಲು ಅವನಿಗೆ
ಅರ್ಧ ಪುಟ ಓದುವಷ್ಟು ಹೊತ್ತು ಬೇಕು.

ಶುಕ್ರವಾರ ಫೋನನ್ನು ಅವನ ಕೈಗೇ ಕೊಟ್ಟೆ.
‘ರಿಪ್ಪನ್‌ಪೇಟೆ ರಸ್ತೆಯ ಗದ್ದೆ ಬದಿಗೆ
ರಾತ್ರಿ ಏನು ಕೂಗುತ್ತೋ, ಹಿಡಿದು ತಾ.’

ಸೋಮವಾರ ತಂದ: ಹದಿನೇಳು ತುಣುಕು.
ಒಂದರಲ್ಲಿ ಲಾರಿ,
ಇನ್ನೊಂದರಲ್ಲಿ ಅವನಜ್ಜಿಯ ಬೈಗುಳ.
ಆಪ್ ತೆರೆದರೆ ಕೂಗೆಲ್ಲ ಗೆರೆ,
ಅಂಗೈಯಗಲದ ಪರದೆಗೆ ಮೂವತ್ತು ತಲೆ.

‘ತುಂಡು ತುಂಡಾಗಿದೆ ಮಿಸ್, ಕೆಟ್ಟುಹೋಗಿದೆ’
ಅಂದಳು ಸುಮೈಯಾ.
ಕೆಟ್ಟಿಲ್ಲ ಮಾರಾಯ್ತಿ, ಕೇಳು:
ಟಕ್, ಬಿಡುವು, ಟಕ್ ಟಕ್, ಬಿಡುವು.
ಇದು ಯಾವ ಕಪ್ಪೆಯೆಂದು
ಬಲ್ಲವರು ಹೇಳುವುದು ಆ ಬಿಡುವನ್ನೂ ಅಳೆದೇ.

ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ.
ತಿಲಕ ಫೋನನ್ನು ಬಾಯ ಹತ್ತಿರ ತಂದ.
ತಿ
ತಿ ತಿ
ತಿ
ಉಳಿದಕ್ಷರವನ್ನು ಯಾರೂ ತುಂಬಿಕೊಡಲಿಲ್ಲ;
ಎಲ್ಲರ ಕಣ್ಣೂ ಗೆರೆ ಏಳುವುದರ ಮೇಲಿತ್ತು.
ಲಕ.

‘ಇಟ್ಟುಕೊಳ್ಳಲೇನೋ, ಅಳಿಸಲೇ?’
ಉತ್ತರ ಕೊಡದೆ
ತಾನೇ ಹೆಸರು ಟೈಪು ಮಾಡಿ ಫೋನು ಹಿಂದಿರುಗಿಸಿದ:

ಕಪ್ಪೆ ಹದಿನೆಂಟು.

ಬೀರುವಿನ ಕೀಲಿ ಕೇಳಲು ಹೊರಟೆ.