ಕೊನೆಯ ಉಕಾರ

ನನ್ನ ಡಿಗ್ರಿ ಸರ್ಟಿಫಿಕೇಟು ನನಗಿಂತ ಮೊದಲೇ
ದಿಲ್ಲಿ ನೋಡಿಕೊಂಡು ಬಂತು.
ಬೆನ್ನ ಮೇಲೆ ಮೂರು ಮೊಹರು, ಒಂದು ಅಂಟುಚೀಟಿ.
ಕೊರಿಯರ್ ಹುಡುಗ ಅರಸೀಕೆರೆಯ ಬಿಸಿಲಲ್ಲಿ
ನಮ್ಮ ವೈಂಡಿಂಗ್ ಅಂಗಡಿ ಹುಡುಕಿ
ಸಹಿ ಹಾಕಿಸಿಕೊಳ್ಳುವಾಗ ಕೇಳಿದ:
'ಯಾರಿಗೆ ಫಾರಿನ್ನು?'
ಪರಮೇಶ ತಾಮ್ರದ ತಂತಿ ಸುತ್ತುತ್ತಲೇ
ಗದ್ದದಲ್ಲಿ ನನ್ನ ಕಡೆ ತೋರಿಸಿದ.
ಎಣಿಕೆ ತಪ್ಪಿತು. ಮೊದಲಿಂದ ಸುತ್ತಿದ.

ಹಾಸನದ ಬಿ.ಎಂ. ರಸ್ತೆಯ ಏಜೆಂಟು ಬಿಡಿಸಿ ಹೇಳಿದ್ದ:
ಆ ಭಾಷೆಯಲ್ಲೇ ಹುಟ್ಟಿದವರಿಗೆ ತಿಂಗಳಿಗೆ ಎರಡು ಸಾವಿರ ಡಾಲರು,
ಅದರೊಳಕ್ಕೆ ನಡೆದು ಬಂದವರಿಗೆ ಒಂಬೈನೂರು.
ಹಾಂ, ಫೋಟೋ ಒಂಚೂರು ಬೆಳ್ಳಗೆ ಮಾಡಿಸಿಬಿಡಿ.
ಸ್ಟುಡಿಯೋದವನು ಮಾಡಿಕೊಟ್ಟ.
ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು
'ಹುಡುಗಿ ಲಕ್ಷಣವಾಗಿದಾಳೆ, ಯಾರ ಪೈಕಿ?' ಅಂದರು.

ಒಂಬೈನೂರನ್ನು ರೂಪಾಯಿಗೆ ತಿರುಗಿಸಿ
ಅತಿಥಿ ಶಿಕ್ಷಕಿಯ ಸಂಬಳದಿಂದ ಭಾಗಿಸಿದೆ,
ಜೂನಿನದು ನವೆಂಬರಿಗೆ ಬರುವ ಸಂಬಳ.
ಹನ್ನೊಂದು ವರ್ಷದ ಅತಿಥಿ ನಾನು.
ಎದ್ದು ಹೊರಡಿ ಅಂತ ಯಾರೂ ಅಂದಿಲ್ಲ,
ಕೂತ್ಕೊಳ್ಳಿ ಅಂತಲೂ.

ಇಂಗ್ಲಿಷು ನನಗೆ ಸಿಕ್ಕಿದ್ದು ಪ್ಲಾಟ್‌ಫಾರ್ಮಿನಲ್ಲಿ.
ಅಪ್ಪ ಕೇತಲಿ ಹಿಡಿದು ಬೋಗಿಯಿಂದ ಬೋಗಿಗೆ ಓಡುವಾಗ
ಕೊಬ್ಬರಿ ಮೂಟೆಯ ಮೇಲೆ ಕಾಲು ಆಡಿಸುತ್ತ ಕೂತು
ಸ್ಪೀಕರು ಹೇಳಿದ್ದನ್ನೆಲ್ಲ ಹೇಳುತ್ತಿದ್ದೆ.
ರೈಲು ತಡ. ರೈಲು ಇನ್ನೂ ತಡ.
ತಪ್ಪಿಲ್ಲದೆ ಕಲಿತ ಮೊದಲ ಉದ್ದನೆಯ ವಾಕ್ಯ
ನಾನು ಮಾಡದ ತಡಕ್ಕೆ ಕೇಳಿದ ಕ್ಷಮೆ.

ಡೆಮೊ ಪಾಠದ ದಿನ ಸರಿಯಾಗಿ ಕರೆಂಟು ಹೋಯಿತು.
ಪರಮೇಶ ಯಾರದೋ ಟ್ರ್ಯಾಕ್ಟರಿನ ಬ್ಯಾಟರಿಗೆ ತಂತಿ ಕೊಟ್ಟ.
ಸುಟ್ಟ ಮೋಟಾರುಗಳಿಗೆ ಅಡ್ಡ ದುಪ್ಪಟಿ ಕಟ್ಟಿ
ವಿಯೆಟ್ನಾಮಿನ ಹದಿನಾರು ಮಕ್ಕಳ ಮುಂದೆ ನಿಂತೆ.
ಅವರು ಪದದ ಬಾಲ ನುಂಗುತ್ತಾರೆ.
ಬಸ್ ಅಂದರೆ ಬಾ. ರೈಸ್ ಅಂದರೆ ರೈ.
ನಾವೋ, ಬಂದ ಪದವನ್ನು ಬರಿಗೈಲಿ ಕಳಿಸುವವರಲ್ಲ:
ಬಸ್ಸು, ಪೆನ್ನು, ಬುಕ್ಕು, ಲೇಟು,
ಮಡಿಲಿಗೊಂದು ಉಕಾರ ಹಾಕಿಯೇ ಬೀಳ್ಕೊಡುವುದು.
ಎಷ್ಟು ರಾತ್ರಿ ಕನ್ನಡಿ ಮುಂದೆ ನಿಂತು
ಅದನ್ನು ತುಟಿಯಿಂದ ತೆಗೆದಿದ್ದೇನೆ,
ಅಕ್ಕಿಯಲ್ಲಿ ನೆಲ್ಲು ಆರಿಸಿದ ಹಾಗೆ.
ಇಂಚರ ಹಾಸಿಗೆಯಿಂದಲೇ ಕೂಗುತ್ತಿದ್ದಳು:
'ಅಮ್ಮಾ, ಈಗ ಬಂತು! ಈಗ ಬರ್ಲಿಲ್ಲ!
ಅಯ್ಯೋ, ಮತ್ತೆ ಬಂತು!'

ಪರದೆಯಾಚೆ ಹಲ್ಲು ಬಿದ್ದ ಒಂದು ಹುಡುಗಿ
ಮಿಸ್ ಅನ್ನಲು ಹೋಗಿ 'ಮೀ' ಅಂದಳು. ಎಲ್ಲರೂ ನಕ್ಕರು.
ಅವರಲ್ಲಿ ಹಾಗಂದರೆ ಶಾವಿಗೆಯಂತೆ.
ನಾನೂ ನಕ್ಕೆ. ನಮ್ಮನೆಯ ಒತ್ತುಶಾವಿಗೆ ಒರಳು ನೆನಪಾಗಿ,
ಅದಕ್ಕೆ ಇಂಗ್ಲಿಷಿನಲ್ಲಿ ಹೆಸರು ಸಿಗದೆ,
ಎರಡೂ ಕೈಯಲ್ಲಿ ಗಾಳಿಯನ್ನೇ ಒತ್ತಿ ತೋರಿಸಿದೆ.
ಅಷ್ಟಕ್ಕೇ ಕೆಲಸ ಕೊಟ್ಟರೋ ಏನೋ.

ನಿನ್ನೆ ಒಂಬತ್ತನೇ ಬಿ. ಕೊನೇ ಪೀರಿಯಡ್ಡು.
ಹೇಳಿದೆ. ಯಾರೂ ಅಳಲಿಲ್ಲ.
'ಕಿಟಕಿ ಸೀಟೇ ಹಿಡೀರಿ' ಅಂದಳು ರಿಹಾನಾ.
ಕಾಯಿ ಸುಲಿದು ಉಗುರು ಕಪ್ಪಾದ ತಿಪ್ಪೇಶ
ಹಿಂದಿನ ಬೆಂಚಿನಿಂದ ಎದ್ದು ನಿಂತ.
'ಅವ್ರಿಗೆ ಇಂಗ್ಲಿಷ್ ಬರಲ್ವಾ ಮಿಸ್ಸು?'
ಬರಲ್ಲ ಕಣೋ, ಅದಕ್ಕೇ ಹೋಗ್ತಿರೋದು.
ಸ್ವಲ್ಪ ಹೊತ್ತು ಯೋಚಿಸಿದ.
'ನಮಗೂ ಬರಲ್ವಲ್ಲ' ಅಂದ. ಕೂತ.
ದೂರಿನ ದನಿಯಲ್ಲ.
ಹಾಜರಿ ಹೇಳಿದ ಹಾಗೆ ಹೇಳಿದ.

ಆಚೆ ಸ್ಟೇಷನ್ನಿನ ಸ್ಪೀಕರು
ಯಾವುದೋ ಗಾಡಿಯ ನಂಬರು ಓದುತ್ತಿತ್ತು.
ಮೂರು ಭಾಷೆಯೂ ಮುಗಿಯುವ ತನಕ
ನಾನು ಬೋರ್ಡು ಒರೆಸುತ್ತಲೇ ಇದ್ದೆ,
ಬೆಳಗಿನಿಂದ ಏನೂ ಬರೆದಿರದ ಬೋರ್ಡು.