ಮೂರು ಉಗುರಿನ ಗಿಡುಗ

ಶಾರ್ಜಾದ ರೋಲ್ಲಾದಲ್ಲಿ, ಮೊಬೈಲ್ ಅಂಗಡಿಯ ಹಿಂದೆ,
ಏಣಿಯಂಥ ಮೆಟ್ಟಿಲು ಹತ್ತಿದರೆ ನಮ್ಮ ಕಸೂತಿ ಕೋಣೆ.
ಕಿಟಕಿಗೆ ಕಾಣುವ ದೊಡ್ಡ ರಸ್ತೆ ಹಿಂದೆ ರನ್‌ವೇ ಆಗಿತ್ತಂತೆ;
ಈಗ ಸಿಗ್ನಲ್ಲು, ಶವರ್ಮಾ, ಪಾರ್ಕಿಂಗಿನ ಜಗಳ.

ಮಂಗಳವಾರ ಮಧ್ಯಾಹ್ನ ಲೆಫ್ಟಿನೆಂಟ್ ಸುಹೈಲ್ ಬಂದ.
ತೋಳಿನ ಲಾಂಛನ ಕಿತ್ತು, ಚರ್ರೆಂದಿತು ವೆಲ್ಕ್ರೋ,
ಮೇಜಿನ ಮೇಲಿಟ್ಟ: ನೀಲಿ ನೆಲ, ಬಿಳಿ ಅಲೆ ಎರಡು,
ನಡುವೆ ಎರಗುವ ಗಿಡುಗ.
"ಸ್ಕ್ವಾಡ್ರನ್ನಿಗೆ ಐವತ್ತು ತುಂಬುತ್ತದೆ. ಇನ್ನೂರು ಬೇಕು."
ಜೊತೆಗೊಂದು ಹೊಳಪು ಕಾಗದದ ಪುಸ್ತಿಕೆ. ಅವನೇ ಬಿಡಿಸಿ ಹೇಳಿದ:
ನೀಲಿ ಎಂದರೆ ಕೊಲ್ಲಿ.
ಅಲೆಗಳೆಂದರೆ ಮುತ್ತಿಗಾಗಿ ಮುಳುಗಿದ ಅಜ್ಜಂದಿರು.
ಮೂರು ಉಗುರು: ನಿಷ್ಠೆ, ಎಚ್ಚರ, ವೇಗ.

ಸುಲೈಮಾನಿ ತರಿಸಿದೆ. ಸುಮ್ಮನಿದ್ದೆ.

ಈ ಹಕ್ಕಿಯನ್ನು ಮೊದಲು ಹೊಲಿದವರು
ಉಚ್ಚಿಲದ ಪುತ್ತಬ್ಬ, ನನ್ನ ಸೋದರಮಾವ.
ಗಿಡುಗ ಕಂಡವರಲ್ಲ. ಮೀನು ಒಣಗಿಸುವ ಮರಳಲ್ಲಿ
ಹದ್ದು ಓಡಿಸಿ ಬೆಳೆದವರು.
ಬೇಕಿದ್ದರೆ ನೋಡಿ, ಕುತ್ತಿಗೆ ಇವತ್ತಿಗೂ ಹದ್ದಿನದೇ.
ನೀಲಿ, ಶಾಲೆಮಕ್ಕಳ ಸಮವಸ್ತ್ರದಲ್ಲಿ ಉಳಿದ ತುಂಡು.
ಮೂರು ಉಗುರು ಹೊಲಿಯುವಷ್ಟರಲ್ಲಿ ಹಳದಿ ದಾರ ಮುಗಿಯಿತು;
ಮುಂಬಯಿಯ ಲಾಂಚು ಗಾಳಿಗೆ ಸಿಕ್ಕಿ ಒಂಬತ್ತು ದಿನ ತಡ,
ಸಾಹೇಬರಿಗೆ ಮರುದಿನವೇ ಪರೇಡು.

ಇನ್ನೊಮ್ಮೆ ಕೇಳಿದಾಗ ಅಂದರು:
ದಾರ ಇತ್ತು ಮಾರಾಯ, ಜುಮಾಕ್ಕೆ ಹೊತ್ತಾಗಿತ್ತು.
ಯಾವುದು ನಿಜವೋ. ಆ ಬಾಯಿ ಈಗ ಉಚ್ಚಿಲದ ಮಣ್ಣಿನಲ್ಲಿದೆ.

ಮೂರೇ ಉಗುರಲ್ಲಿ ಅದು ವಿಮಾನದ ಬಾಲಕ್ಕೆ ಏರಿತು,
ಚಹಾದ ಲೋಟಕ್ಕೆ, ಮೆಸ್ಸಿನ ಬಾಗಿಲಿಗೆ,
ಮರಳುಗಾಳಿಯ ಒಂದು ರಾತ್ರಿ ಹಿಂತಿರುಗದ ಇಬ್ಬರ
ಬಟ್ಟೆಬರೆ ತುಂಬಿ ಮನೆಗೆ ಕಳಿಸಿದ ಚೀಲಕ್ಕೆ.
ಆ ಚೀಲ ಬಿಚ್ಚಿದ ತಾಯಿಗೆ
ದಾರ ಮುಗಿದಿತ್ತು ಎಂದು ಯಾರು ಹೇಳಿಯಾರು.

ಹೋಗುವಾಗ ಸುಹೈಲ್ ಬಾಗಿಲಲ್ಲಿ ನಿಂತ. ದನಿ ಇಳಿಸಿದ.
"ನಮ್ಮ ಮನೆಯಲ್ಲಿ ಗಿಡುಗ ಸಾಕುತ್ತೇವೆ.
ಬೇಟೆಗೆ ನಾಟುವುದು ಹಿಂದಿನ ಉಗುರು.
ಅದಿಲ್ಲದ ಹಕ್ಕಿ ಎರಗಬಹುದು, ಹಿಡಿಯಲಾರದು.
ಈ ಸಲ ಸರಿಮಾಡಬಹುದೇ?"
ಆಮೇಲೆ ತಾನೇ ನಕ್ಕ: "ಬೇಡ ಬಿಡಿ.
ನಾಲ್ಕನೆಯದರ ಅರ್ಥ ಏನೆಂದು ಕಮಾಂಡರ್ ಕೇಳಿದರೆ?"

ಈಗ ನಮ್ಮದು ಹನ್ನೆರಡು ಸೂಜಿಯ ಕಂಪ್ಯೂಟರ್ ಯಂತ್ರ.
ಗೋಡೆ ತುಂಬ ಹಳದಿ: ನಿಂಬೆ, ಅರಿಸಿನ, ಸಾಸಿವೆ ಹೂ.
ರಾತ್ರಿಯೆಲ್ಲ ಗಿಡುಗಗಳು ಇಳಿದವು ಒಂದೊಂದಾಗಿ,
ಏನನ್ನೂ ಹಿಡಿಯಲಾರದ ಕಾಲು ಚಾಚಿಕೊಂಡು.
ಯಾಕೋ, ನೋಡುತ್ತ ನೋಡುತ್ತ, ಸಮಾಧಾನವೆನಿಸಿತು.

ಕೊನೆಯದನ್ನು ಕೈಗೆತ್ತಿಕೊಂಡು
ಹಿಂಬೆರಳಿನ ಜಾಗದಲ್ಲಿ
ದಾರವಿಲ್ಲದ ಸೂಜಿ ಒಮ್ಮೆ ಚುಚ್ಚಿದೆ.
ಕಿಟಕಿಗೆ ಹಿಡಿದರೆ ಕಾಣುತ್ತದೆ ತೂತು,
ಅದರಾಚೆ ಹಳೆಯ ರನ್‌ವೇ,
ಹಸಿರಿಗೆ ಕಾಯುತ್ತಿರುವ ಬೆಳಗಿನ ಬಸ್ಸು.
ಬಿಲ್ಲಿನಲ್ಲಿ ಅದನ್ನು ಬರೆಯಲಿಲ್ಲ.